ಮುಂದಿನ ಊರಿನ ತನಕ: ಚಳಿಗಾಲದಲ್ಲಿ ತಾಬೋ

ಮೊದಲ ದಿನ

ಜನವರಿಯ ಕೊನೆಯ ವಾರ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೇವೆ ಎಂದಾಗ, ಶಿಮ್ಲಾದಲ್ಲಿ ನಾವು ಉಳಿದುಕೊಂಡಿದ್ದ ಮನೆಯ ಹಿರಿಯರು ಮೊದಲು ನಮ್ಮ ಬೂಟುಗಳನ್ನು ನೋಡಿದರು, ಆಮೇಲೆ ಮುಖ ನೋಡಿದರು. ‘ನಾರ್ಕಂಡಾದ ತನಕ ದಾರಿ ಹೇಗಿದೆಯೆಂದು ನಾನು ಹೇಳಬಲ್ಲೆ. ಅದರಾಚೆಯದನ್ನು ರಾಮ್‌ಪುರದವರನ್ನು ಕೇಳಿಕೊಳ್ಳಿ’ ಎಂದರು. ಅವರು ಹೇಳಬಲ್ಲೆನೆಂದ ಸುದ್ದಿಯೂ ಒಳ್ಳೆಯದಾಗಿರಲಿಲ್ಲ. ಹಿಂದಿನ ರಾತ್ರಿ ಬಿದ್ದ ಹಿಮದಿಂದ ನಾರ್ಕಂಡಾದ ಏರು ಮುಚ್ಚಿಹೋಗಿತ್ತು.

ಈ ಕಾಲದಲ್ಲಿ ಏಕೆ ಹೊರಟೆವು ಎಂಬುದಕ್ಕೆ ಒಂದು ಹಳೆಯ ಅಸಮಾಧಾನ ಕಾರಣ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಿನಲ್ಲಿ ನಾನು ಸ್ಪಿತಿಯ ತಾಬೋ ಬೌದ್ಧ ಮಠವನ್ನು ನೋಡಿದ್ದೆ. ನೋಡಿದ್ದೆ ಎನ್ನುವುದು ಬರಿಯ ಮಾತು. ಸಾವಿರ ವರ್ಷ ಹಳೆಯ ಆ ಕತ್ತಲ ಸಭಾಮಂಟಪದಲ್ಲಿ ಮೂವತ್ತು ಜನರ ನಡುವೆ, ಮೂವತ್ತು ಟಾರ್ಚುಗಳ ಬೆಳಕು ಗೋಡೆಯ ಮೇಲೆ ಅಡ್ಡಾದಿಡ್ಡಿ ಓಡಾಡುತ್ತಿರುವಾಗ, ಹದಿನೈದು ನಿಮಿಷ ನಿಂತು ಹೊರಬಂದಿದ್ದೆ. ಬೇಸಿಗೆಯಲ್ಲಿ ಸ್ಪಿತಿಗೆ ಎರಡು ಬಾಗಿಲು: ಮನಾಲಿಯ ಕಡೆಯಿಂದ ಕುಂಜುಮ್ ಕಣಿವೆಮಾರ್ಗ, ಶಿಮ್ಲಾದ ಕಡೆಯಿಂದ ಕಿನ್ನೌರ್. ಚಳಿಗಾಲದಲ್ಲಿ 4,500 ಮೀಟರಿಗೂ ಎತ್ತರದ ಕುಂಜುಮ್ ಹಿಮದಡಿ ಹೂತುಹೋಗುವುದರಿಂದ ಕಿನ್ನೌರಿನ ದಾರಿಯೊಂದೇ ಉಳಿಯುತ್ತದೆ, ಪ್ರವಾಸಿಗರು ಬಹುತೇಕ ಇಲ್ಲವಾಗುತ್ತಾರೆ. ಜೊತೆಗೆ ಬಂದ ಗೆಳೆಯನಿಗೆ ಈ ವಾದ ಹಿಡಿಸಿದ್ದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು, ಆ ಗುಡಿ ಪೂರ್ತಿ ಮಣ್ಣಿನದು ಎಂಬ ಸಂಗತಿ. ಅವನು ಸಿವಿಲ್ ಎಂಜಿನಿಯರ್. ದೇವರಿಗಿಂತ ಗೋಡೆಯ ಮೇಲೆ ಅವನಿಗೆ ಭಕ್ತಿ ಜಾಸ್ತಿ.

ನಾರ್ಕಂಡಾವನ್ನು ಬಿಟ್ಟು, ಬಸಂತ್‌ಪುರದ ಕಡೆಯಿಂದ ಸತ್ಲಜ್ ಕಣಿವೆಗೆ ಇಳಿದು ಕಿಂಗಲ್ ಬಳಿ ಹೆದ್ದಾರಿಯನ್ನು ಸೇರುವ ಬಳಸುದಾರಿಯಲ್ಲಿ ಜೀಪು ಸಾಗಿತು. ರಾಮ್‌ಪುರ ತಲುಪುವಾಗ ಕತ್ತಲಾಗಿತ್ತು. ಬುಶಹರ್ ಅರಸರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಪ್ರತಿ ನವೆಂಬರಿನಲ್ಲಿ ನಡೆಯುವ ಲಾವಿ ಜಾತ್ರೆ, ಟಿಬೆಟ್ಟಿನ ಉಣ್ಣೆ ಇಳಿದುಬರುತ್ತಿದ್ದ ಕಾಲದ ವ್ಯಾಪಾರದ ನೆನಪು. ನಾವು ಕಂಡದ್ದು ಮುಚ್ಚಿದ ಅಂಗಡಿಗಳನ್ನು ಮಾತ್ರ.

ಎರಡನೆಯ ದಿನ

ರಾಮ್‌ಪುರದಿಂದ ರೆಕಾಂಗ್ ಪಿಯೋ. 1,500 ಮೆಗಾವಾಟ್‌ನ ನಾಥ್‌ಪಾ ಝಾಕ್ರಿ ಯೋಜನೆಯ ಫಲಕಗಳು, ಬಂಡೆಯನ್ನು ಅರ್ಧಚಂದ್ರಾಕಾರದಲ್ಲಿ ಕೊರೆದು ಮಾಡಿದ ರಸ್ತೆ, ತರಂಡಾ ದೇವಿಯ ಗುಡಿಯೆದುರು ಪ್ರತಿಯೊಬ್ಬ ಚಾಲಕನೂ ತಪ್ಪದೆ ನಿಲ್ಲಿಸುವ ಒಂದು ನಿಮಿಷ. ಸಂಜೆ ಪಿಯೋದಿಂದ ಎದುರು ದಂಡೆಯ ಕಿನ್ನರ ಕೈಲಾಸದ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತ ಚಿಲ್ಗೋಜಾ ಬೀಜ ಸುಲಿದು ತಿಂದೆವು. ಚಾಲಕ ಒಂದಾದ ಮೇಲೊಂದು ಫೋನು ಮಾಡಿ, ‘ಪೂಹ್ ತನಕ ಸರಿಯಿದೆಯಂತೆ, ಮುಂದಿನದು ಪೂಹ್‌ನಲ್ಲಿ’ ಎಂದ.

ಮೂರನೆಯ ದಿನ

ಪಿಯೋ ದಾಟಿದ ಮೇಲೆ ಬೆಟ್ಟಗಳು ಒಂದೊಂದಾಗಿ ಹಸಿರು ಕಳಚಿಕೊಳ್ಳುತ್ತವೆ. ದೇವದಾರು ತೆಳುವಾಗಿ, ಆಮೇಲೆ ಇಲ್ಲವಾಗಿ, ಬರಿಯ ಕಲ್ಲು ಮತ್ತು ಧೂಳಿನ ಬಣ್ಣಗಳು ಉಳಿಯುತ್ತವೆ. ಹಿಮಾಲಯದ ಈ ಮಗ್ಗುಲಿಗೆ ಮುಂಗಾರು ದಾಟಿ ಬರುವುದು ಅಪರೂಪ. ಇಲ್ಲಿನವರ ನೀರು ಆಕಾಶದಿಂದ ಬರುವುದು ಹಿಮದ ರೂಪದಲ್ಲಿ, ಅವರಿಗದು ಸಿಗುವುದು ಬೇಸಿಗೆಯಲ್ಲಿ ಕರಗಿದಾಗ. ಇದನ್ನು ನಾನು ಪುಸ್ತಕದ ಭೂಗೋಳವಾಗಿ ತಿಳಿದಿದ್ದೆ, ಅಷ್ಟೇ.

ಪೂಹ್‌ನಲ್ಲಿ ಚಹಾದ ಅಂಗಡಿಯವನು ಖಾಬ್ ತನಕದ ಸುದ್ದಿ ಕೊಟ್ಟ. ಖಾಬ್‌ನಲ್ಲಿ, ಟಿಬೆಟ್ಟಿನ ಗಡಿಯ ಶಿಪ್ಕಿ ಲಾ ಕಣಿವೆಮಾರ್ಗದ ಕಡೆಯಿಂದ ಬರುವ ಸತ್ಲಜ್ ನದಿಗೆ ಸ್ಪಿತಿ ನದಿ ಬಂದು ಕೂಡುತ್ತದೆ. ಎರಡು ಗೋಡೆಗಳ ನಡುವಿನ ಓಣಿಯಂತಿದೆ ಆ ಸಂಗಮ. ನದಿಯ ಅಂಚುಗಳು ಹೆಪ್ಪುಗಟ್ಟಿ ನಡುವೆ ಮಾತ್ರ ತೆಳು ಹಸಿರು ನೀರು ಹರಿಯುತ್ತಿತ್ತು. ಸೇತುವೆಯ ಬಳಿ ರಸ್ತೆಯ ಹಿಮ ಸರಿಸುತ್ತಿದ್ದ ಕೂಲಿಕಾರರು ನಾಕೋ ತನಕ ಹೋಗಬಹುದೆಂದರು. ಅದರಾಚೆ ಮಲಿಂಗ್ ನಾಲೆಯೆಂಬ ಜಾರುವ ಇಳಿಜಾರಿದೆ, ಅದರ ವಿಷಯ ನಾಕೋದವರಿಗೇ ಗೊತ್ತು ಎಂದರು. ಆ ಹೊತ್ತಿಗೆ ನಮಗೆ ಇದು ರೂಢಿಯಾಗಿತ್ತು. ಬೆಂಗಳೂರಿನಲ್ಲಿ ಕುಳಿತು ಫೋನಿನ ಪರದೆಯ ಮೇಲೆ ಇಡೀ ದಾರಿಯನ್ನು ಒಂದೇ ನೀಲಿ ಗೆರೆಯಾಗಿ ನೋಡಿದ್ದೆವು. ಇಲ್ಲಿ ಯಾರ ಬಳಿಯೂ ಇಡೀ ದಾರಿ ಇರಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ತುಂಡನ್ನು ಕೊಟ್ಟು ಮುಂದಿನವನ ಕಡೆಗೆ ಕೈತೋರಿಸುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತೆಂದು ಒಬ್ಬನೂ ಹೇಳಲಿಲ್ಲ.

ಕಾ ಗ್ರಾಮದ ಸುರುಳಿ ತಿರುವುಗಳನ್ನು ಹತ್ತಿ ನಾಕೋ ಸೇರಿದೆವು. ಊರಿನ ಕೆರೆ ದಪ್ಪ ಗಾಜಿನಂತೆ ಗಟ್ಟಿಯಾಗಿತ್ತು, ಅದರ ಮೇಲೆ ಮಕ್ಕಳು ಹಲಗೆ ಕಟ್ಟಿಕೊಂಡು ಜಾರುತ್ತಿದ್ದರು. ರಾತ್ರಿ ಮನೆಯ ನಡುಗೋಣೆಯ ತಗಡಿನ ಒಲೆಯ ಸುತ್ತ ಮನೆಮಂದಿಯೊಂದಿಗೆ ಕುಳಿತು ಥುಕ್ಪಾ ಎಂಬ ಶಾವಿಗೆಯ ಸಾರು ಉಂಡೆವು. ಚಳಿಗಾಲದಲ್ಲಿ ಇಲ್ಲಿ ಮನೆಯೆಂದರೆ ಆ ಒಂದು ಕೋಣೆ. ಉಳಿದ ಕೋಣೆಗಳು ಮಾರ್ಚ್ ತನಕ ಇದ್ದೂ ಇಲ್ಲದಂತೆ.

ನಾಲ್ಕನೆಯ ದಿನ

ಮಲಿಂಗ್ ನಾಲೆಯನ್ನು ಬೆಳಿಗ್ಗೆಯೇ ದಾಟಬೇಕು. ರಾತ್ರಿಯ ಚಳಿಗೆ ಹಿಮಗಟ್ಟಿ ಹಿಡಿದುಕೊಂಡಿರುವ ಕಲ್ಲುಗಳು ಬಿಸಿಲು ತಾಗಿದೊಡನೆ ಬಿಡಿಸಿಕೊಂಡು ಉರುಳತೊಡಗುತ್ತವೆ. ಆದರೆ ಬೆಳಿಗ್ಗೆ ಜೀಪು ಏಳಲಿಲ್ಲ. ಟ್ಯಾಂಕಿನಲ್ಲಿದ್ದ ಡೀಸೆಲ್ ಮಂದವಾಗಿ ಗಂಜಿಯಂತಾಗಿತ್ತು. ಚಾಲಕ ಅಡಿಯಲ್ಲಿ ಕೆಂಡದ ಬಾಣಲೆಯಿಟ್ಟು ಕಾಯಿಸುತ್ತಿದ್ದಾಗ, ಪುಣ್ಯಕಾರ್ಯ ನೋಡುವವರಂತೆ ಊರಿನ ನಾಲ್ಕು ಜನ ಕೈಕಟ್ಟಿ ನಿಂತಿದ್ದರು. ಗೆಳೆಯ ಮಾತ್ರ ಅಷ್ಟು ದೂರ ಹೋಗಿ ಗೋಡೆಯ ಮರೆಯಲ್ಲಿ ನಿಂತ. ಎಂಟು ಗಂಟೆಗೆ ಎಂಜಿನ್ ಗೊರಗೊರ ಎಂದಿತು. ಬಿಸಿಲಿಗಿಂತ ಸ್ವಲ್ಪ ಮುಂದಾಗಿ ನಾಲೆಯನ್ನು ದಾಟಿದೆವು.

ಸುಮ್ದೋದ ಪೊಲೀಸ್ ಠಾಣೆಯ ದಪ್ಪ ಪುಸ್ತಕದಲ್ಲಿ ಹೆಸರು ಬರೆಸಿದಲ್ಲಿಗೆ ಕಿನ್ನೌರ್ ಮುಗಿದು ಲಾಹೌಲ್–ಸ್ಪಿತಿ ಜಿಲ್ಲೆ ಆರಂಭವಾಗುತ್ತದೆ. ಕುಳಿತ ಭಂಗಿಯಲ್ಲೇ ಒಣಗಿ ಉಳಿದ ಭಿಕ್ಷುವಿನ ದೇಹ 1975ರ ಭೂಕಂಪದ ಬಳಿಕ ಸಿಕ್ಕಿದ ಗ್ಯೂ ಗ್ರಾಮದ ಕವಲುದಾರಿ ಹಿಮದಿಂದ ಮುಚ್ಚಿತ್ತು. ನನಗೇನೂ ಬೇಸರವಾಗಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಸನ್ಯಾಸಿಯನ್ನು ನೋಡಲು ನನಗೆ ಮೊದಲಿನಿಂದಲೂ ಸಂಕೋಚ.

ಮಧ್ಯಾಹ್ನದ ಹೊತ್ತಿಗೆ ತಾಬೋ. ಗೊಂಪಾ, ಅಂದರೆ ಬೌದ್ಧ ಮಠ, ಕಡಿದಾದ ಗುಡ್ಡದ ತುದಿಯಲ್ಲಿ ಕೋಟೆಯಂತೆ ಕುಳಿತದ್ದು ಎಂದು ಸ್ಪಿತಿಯದೇ ಕೀ ಮತ್ತು ಢಂಕರ್ ಮಠಗಳನ್ನು ನೋಡಿದವರ ಕಣ್ಣು ನಿರೀಕ್ಷಿಸುತ್ತದೆ. ತಾಬೋ ಹಾಗಲ್ಲ. ಸ್ಪಿತಿ ನದಿಯ ದಂಡೆಯ ಸಮತಟ್ಟಿನಲ್ಲಿ, ಊರಿನ ಮನೆಗಳ ಮಟ್ಟದಲ್ಲೇ, ಮಣ್ಣಿನ ಪ್ರಾಕಾರದೊಳಗೆ ಒಂಬತ್ತು ಗುಡಿಗಳು ಮತ್ತು ಕೆಲವು ಸ್ತೂಪಗಳು ನೆಲಕ್ಕೆ ಅಂಟಿಕೊಂಡು ಕುಳಿತಿವೆ. ಹೊರಗೋಡೆಗೆ ಕಿಟಕಿಯಿಲ್ಲ, ಶಿಲ್ಪವಿಲ್ಲ, ಬಣ್ಣವಿಲ್ಲ. ತಿಳಿಯದವರು ಯಾರದೋ ದೊಡ್ಡ ಕಣಜಗಳೆಂದುಕೊಂಡು ಮುಂದೆ ಹೋಗಿಬಿಡಬಹುದು. ಪಕ್ಕದಲ್ಲಿ ಭೂಕಂಪದ ನಂತರದ ವರ್ಷಗಳಲ್ಲಿ ಕಟ್ಟಿದ ಹೊಸ ಪ್ರಾರ್ಥನಾ ಮಂದಿರದ ಕೆಂಪು, ಹಳದಿ, ಚಿನ್ನದ ಬಣ್ಣಗಳು ಹಿಮದಲ್ಲಿ ಇನ್ನಷ್ಟು ಗಟ್ಟಿಯಾಗಿ ಕಾಣುತ್ತಿದ್ದವು. ಹಿರಿಯ ಭಿಕ್ಷುಗಳಲ್ಲಿ ಹಲವರು ಚಳಿಗೆ ಬುದ್ಧಗಯೆಯ ಕಡೆ ಇಳಿದಿದ್ದರು. ಬೀಗದ ಕೈ ಇದ್ದ ಭಿಕ್ಷು ನಾಳೆ ಒಂಬತ್ತಕ್ಕೆ ಬನ್ನಿ ಎಂದರು. ಆ ರಾತ್ರಿ ನಮ್ಮ ಮನೆಯ ಜಗಲಿಯ ಥರ್ಮಾಮೀಟರು ಸೊನ್ನೆಗಿಂತ 17 ಡಿಗ್ರಿ ಕೆಳಗೆ ನಿಂತಿತ್ತು.

ಐದನೆಯ ದಿನ

ಬಾಗಿಲು ತಗ್ಗಿನದು, ತಲೆ ಬಗ್ಗಿಸಲೇಬೇಕು. ಬೂಟು ಕಳಚಿ ಒಳಗೆ ಕಾಲಿಟ್ಟಾಗ ಎರಡು ಜೊತೆ ಉಣ್ಣೆಯ ಕಾಲುಚೀಲಗಳನ್ನು ದಾಟಿ ನೆಲದ ಶೀತ ನೇರವಾಗಿ ಮೂಳೆಗೆ ಬಂತು. ಪ್ರವೇಶದ ಕೋಣೆಯನ್ನು ದಾಟಿ, ಮುಖ್ಯ ಗುಡಿಯಾದ ತ್ಸುಗ್ಲಖಾಂಗ್‌ನ ಸಭಾಮಂಟಪಕ್ಕೆ ಬಂದಾಗ ನಾವು ಮೂವರೇ. ಭಿಕ್ಷು ತುಪ್ಪದ ದೀಪ ಹಚ್ಚಿ, ‘ಟಾರ್ಚು ಆಮೇಲೆ, ಮೊದಲು ಸುಮ್ಮನೆ ಕುಳಿತುಕೊಳ್ಳಿ’ ಎಂದು ಹಿಂದಿಯಲ್ಲಿ ಹೇಳಿ ತಮ್ಮ ಮಂತ್ರಪಠಣಕ್ಕೆ ತೊಡಗಿದರು.

ಮೊದಲ ಹತ್ತು ನಿಮಿಷ ಏನೂ ಕಾಣಲಿಲ್ಲ. ಛಾವಣಿಯ ಸಣ್ಣ ಬೆಳಕಿಂಡಿಯಿಂದ ಇಳಿದ ಹೊಗೆಯಂಥ ಬೆಳಕು ಕಂಬಗಳ ನಡುವೆಯೇ ಮುಗಿದುಹೋಗುತ್ತಿತ್ತು. ನಿಧಾನವಾಗಿ ಕತ್ತಲು ತುಂಡುತುಂಡಾಗಿ ತಿಳಿಯಾಯಿತು. ಮೊದಲು ಒಂದು ಮೊಣಕಾಲು, ಬಳಿಕ ತೆರೆದ ಅಂಗೈ, ಆಮೇಲೆ ಗೋಡೆಯಿಂದ ಹೊರಬಂದು ಗಾಳಿಯಲ್ಲಿ ಕುಳಿತಂತಿರುವ ಒಂದು ಇಡೀ ಮೈ. ಸುತ್ತಲೂ ಮನುಷ್ಯನ ಎತ್ತರಕ್ಕಿಂತ ಮೇಲೆ, ಆಳೆತ್ತರದ ಮೂವತ್ತಕ್ಕೂ ಹೆಚ್ಚು ಮಣ್ಣಿನ ಮೂರ್ತಿಗಳು ಗೋಡೆಗೆ ಆತುಕೊಂಡಿವೆ. ನಡುವೆ, ನಾಲ್ಕು ಮೂರ್ತಿಗಳಾಗಿ ನಾಲ್ಕು ದಿಕ್ಕಿಗೆ ಮುಖಮಾಡಿ ಬೆನ್ನಿಗೆ ಬೆನ್ನು ತಾಗಿಸಿ ಕುಳಿತ ವೈರೋಚನ ಬುದ್ಧ. ಇದು ವಜ್ರಧಾತು ಮಂಡಲ. ಸಾಮಾನ್ಯವಾಗಿ ಬಟ್ಟೆಯ ಮೇಲೋ ಮರಳಿನಲ್ಲೋ ಬರೆಯುವ ಮಂಡಲವನ್ನು ಇಲ್ಲಿ ಕೋಣೆಯಾಗಿ ಕಟ್ಟಿದ್ದಾರೆ. ಮಂಡಲವನ್ನು ಹೊರಗೆ ನಿಂತು ನೋಡುವ ಅವಕಾಶವೇ ಇಲ್ಲ, ಬಾಗಿಲು ದಾಟಿದವನು ಅದರೊಳಗೇ ಇರುತ್ತಾನೆ. ಜೂನ್ ತಿಂಗಳಿನಲ್ಲಿ ನನಗಿದು ಹೊಳೆದೇ ಇರಲಿಲ್ಲ. ಟಾರ್ಚಿನ ಬೆಳಕು ಒಂದೊಂದೇ ಮೂರ್ತಿಯನ್ನು ಕಿತ್ತು ತೋರಿಸುತ್ತದೆ, ಕೋಣೆಯನ್ನು ತೋರಿಸುವುದಿಲ್ಲ.

ಪಶ್ಚಿಮ ಟಿಬೆಟ್ಟಿನ ಗುಗೆಯ ಅರಸ ಯೇಶೆ ಓ ಈ ಗುಡಿಯನ್ನು ಕಟ್ಟಿಸಿದ್ದು 996ರಲ್ಲಿ. ‘ಮಹಾ ಅನುವಾದಕ’ ಎಂದು ಹೆಸರಾದ ರಿಂಚೆನ್ ಜಾಂಗ್ಪೊ (958–1055) ಸಂಸ್ಕೃತದ ಗ್ರಂಥಗಳನ್ನು ಟಿಬೆಟನ್ನಿಗೆ ತಂದ ಕಾಲವದು. ಕಾಶ್ಮೀರದಿಂದ ಗ್ರಂಥಗಳ ಜೊತೆಗೆ ಕಲಾವಿದರನ್ನೂ ಕರೆತಂದರೆಂಬ ಪರಂಪರೆಯಿದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬಸದಿ ಎದ್ದದ್ದು 1007ರಲ್ಲಿ, ಅಂದರೆ ಇದಕ್ಕಿಂತ ಹನ್ನೊಂದು ವರ್ಷ ತಡವಾಗಿ. ಅದು ಕಲ್ಲು, ಇದು ಹಸಿಮಣ್ಣಿನ ಇಟ್ಟಿಗೆ. ತಾಬೋವನ್ನು ಹಿಮಾಲಯದ ಅಜಂತಾ ಎಂದು ಕರೆಯುವುದು ವಾಡಿಕೆ. ನನಗೆ ಆ ಬಿರುದು ಒಪ್ಪಿಗೆಯಿಲ್ಲ. ಅಜಂತಾ ಇಡೀ ಬೆಟ್ಟದ ಬೆಂಬಲದಲ್ಲಿದೆ, ಕೈಬಿಟ್ಟು ಕಾಡು ಬೆಳೆದರೂ ನೂರಾರು ವರ್ಷ ಉಳಿದುಕೊಂಡಿತು. ತಾಬೋವನ್ನು ಹಾಗೆ ಹತ್ತು ವರ್ಷ ಮರೆತುಬಿಟ್ಟಿದ್ದರೂ ಇಲ್ಲಿ ಹೊಲ ಉಳುತ್ತಿದ್ದರು. ಗರ್ಭಗೃಹದ ಭಾಗದಲ್ಲಿರುವ ಶಾಸನವೊಂದು, ಕಟ್ಟಿದ 46 ವರ್ಷಗಳ ಬಳಿಕ ಯೇಶೆ ಓನ ವಂಶದ ಚಂಗ್‌ಚುಬ್ ಓ ಇದನ್ನು ನವೀಕರಿಸಿದನೆಂದು ಹೇಳುತ್ತದೆ. ಗೆಳೆಯನಿಗೆ ಇದನ್ನು ಹೇಳಿದಾಗ, ‘ನಲವತ್ತಾರು ವರ್ಷವೇ? ನಮ್ಮ ಅಪಾರ್ಟ್‌ಮೆಂಟಿಗೆ ಆರು ವರ್ಷಕ್ಕೇ ಬೇಕಾಯಿತು’ ಎಂದ.

ಮೂರ್ತಿಗಳ ಕೆಳಗೆ, ನಿಂತವರ ಕಣ್ಣಿನ ಮಟ್ಟದಲ್ಲಿ, ಚಿತ್ರಗಳ ಪಟ್ಟಿಯೊಂದು ಕೋಣೆಯನ್ನು ಸುತ್ತುತ್ತದೆ. ಒಂದು ಕಡೆ ಬುದ್ಧನ ಜೀವನ, ಇನ್ನೊಂದು ಕಡೆ ಸುಧನನ ಯಾತ್ರೆ. ಗಂಡವ್ಯೂಹ ಸೂತ್ರವೆಂಬ ಮಹಾಯಾನ ಬೌದ್ಧ ಗ್ರಂಥದ ಈ ಸುಧನ ಒಬ್ಬ ಶ್ರೇಷ್ಠಿಯ ಮಗ. ಬೋಧಿಸತ್ವನಾದವನು ಹೇಗೆ ಬದುಕಬೇಕೆಂದು ತಿಳಿಯಲು ಬೋಧಿಸತ್ವ ಮಂಜುಶ್ರೀಯ ಮಾತಿನಂತೆ ದಕ್ಷಿಣಕ್ಕೆ ಹೊರಡುತ್ತಾನೆ. ಐವತ್ತಕ್ಕೂ ಹೆಚ್ಚು ಗುರುಗಳನ್ನು ಕಾಣುತ್ತಾನೆ. ಅವರಲ್ಲಿ ಭಿಕ್ಷುಗಳಿದ್ದಾರೆ, ಅರಸರಿದ್ದಾರೆ, ಹಾಗೆಯೇ ಒಬ್ಬ ನಾವಿಕ, ಒಬ್ಬ ಸುಗಂಧ ವ್ಯಾಪಾರಿ, ಮರಳಿನಲ್ಲಿ ಆಡುತ್ತಿರುವ ಹುಡುಗ, ವಸುಮಿತ್ರೆಯೆಂಬ ಗಣಿಕೆ ಕೂಡ ಇದ್ದಾರೆ. ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನು ಮನಸಾರೆ ಹೇಳಿ, ಕೊನೆಗೆ ಒಂದೇ ಮಾತು ಸೇರಿಸುತ್ತಾರೆ: ನನಗೆ ತಿಳಿದಿರುವುದು ಇಷ್ಟೇ, ಮುಂದಿನದಕ್ಕೆ ಇಂಥ ಊರಿನ ಇಂಥವರನ್ನು ಕೇಳು. ಗೋಡೆಯುದ್ದಕ್ಕೂ ಅದೇ ಹುಡುಗ ಮತ್ತೆ ಮತ್ತೆ ಕೈಜೋಡಿಸಿ ನಿಂತಿದ್ದಾನೆ. ಎದುರು ಕುಳಿತವರು ಮಾತ್ರ ಬದಲಾಗುತ್ತಾರೆ. ಪೂಹ್‌ನ ಚಹಾದ ಅಂಗಡಿಯವನ ಮುಖ ನನಗೆ ಅಲ್ಲಿ ನೆನಪಾಯಿತೆಂದರೆ ಯಾರೂ ತಪ್ಪು ತಿಳಿಯಬಾರದು.

ಸುಧನನ ದಾರಿಯಲ್ಲಿ ನಮಗೆ ಸಂಬಂಧಿಸಿದ ಒಂದು ನಿಲುಗಡೆಯೂ ಇದೆ. ಮೇಘನೆಂಬ ದ್ರಾವಿಡ ಗುರು ಅವನನ್ನು ವನವಾಸಿ ಎಂಬ ನಾಡಿನ ಮುಕ್ತಕನೆಂಬ ಶ್ರೇಷ್ಠಿಯ ಬಳಿಗೆ ಕಳುಹಿಸುತ್ತಾನೆ. ಅದು ದಕ್ಷಿಣಾಪಥದಲ್ಲಿದೆ ಎಂದಷ್ಟೇ ಸೂತ್ರದ ಮಾತು. ಆದರೆ ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು (ಹಿರಿಯ ಭಿಕ್ಷುವನ್ನು) ವನವಾಸಕ್ಕೆ ಕಳುಹಿಸಿದ ಸಂಗತಿಯನ್ನು ಸಿಂಹಳದ ಮಹಾವಂಶವೂ ಹೇಳುವಾಗ, ವರದಾ ತೀರದ ಬನವಾಸಿಯನ್ನು ಬಿಟ್ಟು ಬೇರೆಡೆ ಹೋಗಲು ಕನ್ನಡಿಗನ ಮನಸ್ಸು ಒಪ್ಪುವುದಿಲ್ಲ. ಆ ಒಂದು ಚೌಕವನ್ನು ಹುಡುಕಲು ಭಿಕ್ಷುವಿನ ಅನುಮತಿ ಪಡೆದು ಟಾರ್ಚು ಹಚ್ಚಿದೆ. ಚಿತ್ರಗಳ ನಡುವೆ ಟಿಬೆಟನ್ ಬರಹವಿದೆ, ಹಳೆಯ ಕಾಗುಣಿತದ್ದು. ಭಿಕ್ಷು ಒಂದೆರಡು ಸಾಲು ಓದಲು ಯತ್ನಿಸಿ ತಲೆಯಾಡಿಸಿದರು. ಕೆಲವು ಕಡೆ ಮೇಲಿನಿಂದ ಇಳಿದ ಕಂದು ಬಣ್ಣದ ಕಲೆ ಚಿತ್ರವನ್ನೂ ಬರಹವನ್ನೂ ಒಟ್ಟಿಗೆ ನುಂಗಿತ್ತು. ಮುಕ್ತಕ ನನಗೆ ಸಿಗಲಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ಬೆರಳುಗಳು ಸೆಟೆದು ಟಾರ್ಚು ಹಿಡಿಯಲಾರದೆ ಹೊರಬಂದೆ.

ಮಧ್ಯಾಹ್ನ ಇತರ ಗುಡಿಗಳನ್ನು ನೋಡಿದೆವು. ಮುಂದೆ ಬರಲಿರುವ ಬುದ್ಧನಾದ ಮೈತ್ರೇಯನ ಗುಡಿಯಲ್ಲಿ ಆರು ಮೀಟರಿಗೂ ಎತ್ತರದ ಮೂರ್ತಿ ಕುಳಿತಿದೆ. ಗುಡಿ ಅಷ್ಟು ಚಿಕ್ಕದಾದ್ದರಿಂದ ಅದರ ಮುಖ ನೋಡಲು ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಬೇಕು. ರಕ್ಷಕ ದೇವತೆಗಳ ಗೊನ್‌ಖಾಂಗ್ ಮುಚ್ಚಿರುತ್ತದೆ, ಅದು ಹೊರಗಿನವರಿಗಲ್ಲ.

ಆರನೆಯ ದಿನ

ರಾತ್ರಿಯಿಡೀ ಹಿಮ ಬಿದ್ದು ಬೆಳಿಗ್ಗೆ ನಿಂತಿತ್ತು. ನಾನು ಕೇಳಲೆಂದು ಬಂದಿದ್ದ ಮೌನ ಆ ಹೊತ್ತಿಗೆ ಊರಿನ ಮೇಲೆ ಕವಿದಿರಬೇಕಿತ್ತು. ಅದರ ಬದಲು ನಮ್ಮ ನಿದ್ದೆ ಕೆಡಿಸಿದ್ದು ಧಪ್, ಧಪ್ ಎಂಬ ಸದ್ದು. ಹೊರಗೆ ಬಂದು ನೋಡಿದರೆ ಊರಿನ ಪ್ರತಿ ಮಾಳಿಗೆಯ ಮೇಲೂ ಜನರಿದ್ದಾರೆ. ಗುಡಿಯ ಮಾಳಿಗೆಯ ಮೇಲೆ ಬೀಗದ ಕೈಯ ಭಿಕ್ಷುವೂ, ನಾಲ್ಕೈದು ಕಿರಿಯರೂ, ಊರಿನ ಕೆಲವರೂ ಅಗಲವಾದ ಮರದ ಸಲಿಕೆಗಳಿಂದ ಹಿಮವನ್ನು ತಳ್ಳಿ ಕೆಳಗೆ ಹಾಕುತ್ತಿದ್ದಾರೆ. ಕಬ್ಬಿಣದ ಸಲಿಕೆ ಮಣ್ಣನ್ನು ಕೆರೆಯುತ್ತದೆ, ಅದಕ್ಕೇ ಮರ.

ಗೆಳೆಯ ಕೇಳಿಯೇ ಬಿಟ್ಟ, ನಾವೂ ಬರಬಹುದೇ ಎಂದು. ಏಣಿ ಹತ್ತಿಸಿದರು. ತೊಲೆಗಳ ಮೇಲೆ ಸಣ್ಣ ಕಡ್ಡಿಗಳು, ಅದರ ಮೇಲೆ ಒಣಹುಲ್ಲು, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು, ಇಷ್ಟೇ ಆ ಛಾವಣಿ. ಗಟ್ಟಿ ಹಿಮ ಅದಕ್ಕೆ ಶತ್ರುವಲ್ಲ. ಅದೇ ಹಿಮ ಬಿಸಿಲಿಗೆ ಕರಗಿ ನೀರಾಗಿ ಇಂಗತೊಡಗಿದರೆ, ಆ ನೀರು ಹಿಂದಿನ ದಿನ ನಾನು ಕಂಡ ಕಂದು ಕಲೆಯಾಗಿ ಸುಧನನ ಮೇಲೆ ಇಳಿಯುತ್ತದೆ. ಆದ್ದರಿಂದ ಹಿಮ ಬಿದ್ದಾಗಲೆಲ್ಲ ಬಿಸಿಲೇರುವ ಮುನ್ನ ಮಾಳಿಗೆ ಖಾಲಿಯಾಗಬೇಕು. ನಮ್ಮ ಪಠ್ಯಪುಸ್ತಕಗಳು ಇಂಥ ಗುಡಿಗಳನ್ನು ಕಟ್ಟಿಸಿದ ಅರಸರ ಹೆಸರು ಹೇಳುತ್ತವೆ. ಸಾವಿರ ಚಳಿಗಾಲಗಳಲ್ಲಿ ಮಾಳಿಗೆ ಗುಡಿಸಿದವರ ಪಟ್ಟಿ ಎಲ್ಲಿಯೂ ಇಲ್ಲ. ನಾನು ಹತ್ತು ನಿಮಿಷ ಸಲಿಕೆ ನೂಕಿ, ಮೂರು ಸಾವಿರ ಮೀಟರಿಗೂ ಮೇಲಿನ ಗಾಳಿಯಲ್ಲಿ ಉಸಿರು ಸಿಗದೆ ಕುಳಿತೆ. ಗೆಳೆಯ ಅರ್ಧ ಗಂಟೆ ಎಳೆದ.

ಕೆಲಸ ಮುಗಿದ ಮೇಲೆ ಅಡುಗೆಮನೆಯಲ್ಲಿ ಬೆಣ್ಣೆಯ ಚಹಾ ಕೊಟ್ಟರು. ಉಪ್ಪು ಹಾಕಿದ ತೆಳು ಸಾರು ಎಂದುಕೊಂಡು ಕುಡಿದರೆ ಚೆನ್ನಾಗಿದೆ, ಚಹಾ ಎಂದುಕೊಂಡರೆ ಕಷ್ಟ. ಎಲ್ಲಿಯವರು ಎಂದು ಭಿಕ್ಷು ಆಗ ಕೇಳಿದರು. ಕರ್ನಾಟಕ ಎಂದೆ. ಅವರು ಲೋಟ ಕೆಳಗಿಟ್ಟು, ‘ಮುಂಡಗೋಡ, ಒಂಬತ್ತು ವರ್ಷ’ ಎಂದರು. ಅಲ್ಲಿನ ಡ್ರೆಪುಂಗ್ ಮಠದಲ್ಲಿ ತರ್ಕ ಕಲಿಯಲು ಹದಿನಾಲ್ಕರ ವಯಸ್ಸಿನಲ್ಲಿ ಹೋಗಿದ್ದರಂತೆ. ಅವರಿಗೆ ನೆನಪಿದ್ದ ಕನ್ನಡ ಹೆಚ್ಚಿನದಲ್ಲ: ಎಷ್ಟು, ಸಾಕು, ನಾಳೆ ಬಾ, ಮಳೆ. ಮಳೆ ಎನ್ನುವಾಗ ಮಾತ್ರ ಅವರು ಧ್ವನಿ ಎಳೆದರು. ಸ್ಪಿತಿಯ ಹುಡುಗನಿಗೆ ಮುಂಡಗೋಡದ ಮೊದಲ ಜೂನ್ ತಿಂಗಳು ಅರ್ಥವೇ ಆಗಿರಲಿಲ್ಲವಂತೆ. ಹೆಂಚಿನ ಮೇಲೆ ರಾತ್ರಿಯಿಡೀ ಅದು ಸುರಿಯುತ್ತಿದ್ದಾಗ, ಊರಿನ ಗುಡಿ ಈಗ ಕರಗುತ್ತಿರಬೇಕೆಂದು ಹಾಸಿಗೆಯಲ್ಲಿ ಕುಳಿತು ಅತ್ತಿದ್ದರಂತೆ. ‘ಇಲ್ಲಿ ಹಾಗೆ ಸುರಿಯುವುದಿಲ್ಲ ಎಂಬುದು ತಲೆಗೆ ಗೊತ್ತಿತ್ತು’ ಎಂದು ನಕ್ಕರು. ಆಮೇಲೆ, ಈಚಿನ ವರ್ಷಗಳಲ್ಲಿ ಬೇಸಿಗೆಯ ಮಳೆ ಒಮ್ಮೊಮ್ಮೆ ಇಲ್ಲಿಗೂ ದಾಟಿ ಬರುತ್ತದೆ, ಹಿಮವನ್ನು ತಳ್ಳಬಹುದು, ಮಳೆಯನ್ನು ತಳ್ಳಲು ಯಾವ ಸಲಿಕೆ ಎಂದರು.

ಮುಂಡಗೋಡವೂ ಬನವಾಸಿಯೂ ಒಂದೇ ಜಿಲ್ಲೆಯಲ್ಲಿವೆ ಎಂದು ನಾನು ಹೇಳಿದೆ. ವನವಾಸಿಯ ಮುಕ್ತಕನ ಕಥೆ ಅವರಿಗೆ ಗೊತ್ತಿತ್ತು, ಆ ಊರು ಶಿರಸಿಯ ಬಸ್ಸು ಹೋಗುವ ದಿಕ್ಕಿನಲ್ಲಿರಬಹುದೆಂಬುದು ಗೊತ್ತಿರಲಿಲ್ಲ. ಬಹಳ ಹೊತ್ತು ಯೋಚಿಸಿ, ‘ಹಾಗಾದರೆ ಒಂದು ಭಾನುವಾರ ಹೋಗಿಬರಬಹುದಿತ್ತು’ ಎಂದರು.

ಏಳನೆಯ ದಿನ

ಬೆಳಿಗ್ಗೆ ಗುಡಿಯನ್ನು ಒಮ್ಮೆ ಪ್ರದಕ್ಷಿಣೆ ಮಾಡಿದೆವು. ಪ್ರಾಕಾರದ ಒಳಗೆ ನಿನ್ನೆ ತಳ್ಳಿದ ಹಿಮ ಗೋಡೆಗಳಿಂದ ಅಷ್ಟು ದೂರದಲ್ಲಿ ಉದ್ದನೆಯ ದಿಬ್ಬಗಳಾಗಿ ಬಿದ್ದಿತ್ತು. ಗೋಡೆಯ ಬುಡಕ್ಕೂ ನೀರು ತಾಗಬಾರದೆಂದು ರಾಶಿಯನ್ನು ಮತ್ತೆ ಹೊತ್ತು ದೂರ ಹಾಕಿದ್ದಾರೆಂದು ಗೆಳೆಯ ತೋರಿಸಿದ. ರಸ್ತೆಯಾಚೆಯ ಬಂಡೆಯಲ್ಲಿ, ಹಿಂದೆ ಭಿಕ್ಷುಗಳು ಚಳಿಗಾಲ ಕಳೆಯುತ್ತಿದ್ದ ಗುಹೆಗಳ ಕಪ್ಪು ಬಾಯಿಗಳು ಹೊಸ ಹಿಮದ ನಡುವೆ ಎದ್ದು ಕಾಣುತ್ತಿದ್ದವು. ಹತ್ತಲು ಹೋಗಲಿಲ್ಲ.

ಇಳಿಯುವ ದಾರಿಯಲ್ಲಿ ಹರ್ಲಿಂಗ್ ದಾಟಿ ಸುಮ್ದೋಗೆ ಬಂದಾಗ ತರಕಾರಿ ಹೇರಿಕೊಂಡ ಲಾರಿಯೊಂದು ಎದುರಾಯಿತು. ಲಾರಿಯವನು ಕಿಟಕಿಯ ಗಾಜಿಳಿಸಿ, ತಾಬೋದಿಂದಾಚೆಯ ಕಾಜಾ ಊರಿಗೆ ದಾರಿ ಹೇಗಿದೆಯೆಂದು ನಮ್ಮ ಚಾಲಕನನ್ನು ಬಿಟ್ಟು ನನ್ನನ್ನೇ ಕೇಳಿದ.

‘ತಾಬೋ ತನಕ ಸರಿಯಿದೆ’ ಎಂದೆ. ‘ಅಲ್ಲಿಂದ ಮುಂದಿನದು ತಾಬೋದಲ್ಲಿ ಕೇಳಿ.’